ಸೂತಕವಿಲ್ಲದ ಮನೆಯಿಂದ ತಿರುಗಿ ಹೋದ ಗಾಡಿ

ಇದನ್ನು ಬರೆಯುವುದನ್ನು ಎಷ್ಟು ಸಲ ಮುಂದಕ್ಕೆ ಹಾಕಿದ್ದೇನೋ ನನಗೇ ನೆನಪಿಲ್ಲ. ಕಾಗದ ಎಳೆದುಕೊಳ್ಳುತ್ತೇನೆ, ಮೊದಲ ಸಾಲು ಬರೆಯುತ್ತೇನೆ, ಆಮೇಲೆ ಬೀದಿನಾಯಿಯ ಬಗ್ಗೆಯೋ ಕಿತ್ತುಹೋದ ಫುಟ್‌ಪಾತ್ ಬಗ್ಗೆಯೋ ಒಂದಿಷ್ಟು ಗೀಚಿ ಪತ್ರಿಕೆಗೆ ಕಳಿಸಿಬಿಡುತ್ತೇನೆ. ನೀವೂ ಓದಿ "ಚೆನ್ನಾಗಿದೆ ಸಾರ್" ಅನ್ನುತ್ತೀರಿ. ಹೀಗೇ ದಾಟಿಸಿಕೊಂಡು ಬಂದೆ.

ಹೋದ ವಾರ ದಾಟಿಸಲು ಆಗಲಿಲ್ಲ.

ಜಯನಗರದಲ್ಲಿ ತರಕಾರಿ ಅಂಗಡಿಯ ಮುಂದೆ ನಿಂತು ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದೆ. (ಅಂಗಡಿಯವನಿಗೆ ನನ್ನ ಈ ಚಟ ಕಂಡರೆ ಆಗದು. ಎಂಬತ್ತೆಂಟು ವರ್ಷದ ಮುದುಕನನ್ನು ಏನೆಂದು ಬೈಯುತ್ತಾನೆ?) ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು. ನಲವತ್ತೈದರ ಆಸುಪಾಸು. ನನ್ನನ್ನೇ ನೋಡುತ್ತಿದ್ದರು.

"ಅಂಕಲ್, ಪೇಪರ್‌ನಲ್ಲಿ ವಾರವಾರ ಬರೆಯೋರು ನೀವೇ ಅಲ್ವಾ?"

ಹೌದೆಂದೆ.

"ನಿಮ್ಮ ಒಂದು ಕಾಲಂ ನಮ್ಮನೆ ಫ್ರಿಜ್ ಮೇಲೆ ಅಂಟಿಸಿದ್ದಾರೆ."

ಬರೆಯುವವನಿಗೆ ಇದಕ್ಕಿಂತ ಇನ್ನೇನು ಬೇಕು? "ತುಂಬಾ ಸಂತೋಷ ಕಣಮ್ಮ" ಅಂದೆ.

"ಸಂತೋಷ ಪಡಬೇಡಿ ಅಂಕಲ್. ಹಾಲು ತಗೊಳೋಕೆ ಹೋದಾಗೆಲ್ಲ ಅದನ್ನ ಹರಿದು ಬಿಸಾಕೋಣ ಅನ್ಸುತ್ತೆ."

ಅವರ ಅತ್ತೆ ಹಾಸಿಗೆ ಹಿಡಿದು ಮೂರು ವರ್ಷವಂತೆ. ಎತ್ತುವುದು, ತೊಳೆಯುವುದು, ತಿನ್ನಿಸುವುದು, ಎಲ್ಲ ಇವರೇ. ಅಕ್ಕನ ಮನೆಗೆ ನಾಲ್ಕು ದಿನ ಹೋಗಿ ಮಲಗಿಕೊಂಡು ಬರುತ್ತೇನೆ ಅಂದರಂತೆ. ಗಂಡ ನನ್ನ ಲೇಖನ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದರಂತೆ. ಅದರ ಒಂದು ಸಾಲಿನ ಕೆಳಗೆ ಕೆಂಪು ಇಂಕಿನ ಗೆರೆ: 'ಒಂಬತ್ತು ವರ್ಷದಲ್ಲಿ ನಮ್ಮ ಅತ್ತಿಗೆ ಒಂದು ದಿನದ ಬಿಡುವೂ ಕೇಳಲಿಲ್ಲ.'

"ನಿಜವಾಗ್ಲೂ ಕೇಳೇ ಇಲ್ವಾ ಅಂಕಲ್ ಅವರು? ಒಂದೇ ಒಂದು ದಿನಾನೂ?"

ಬೆಂಡೆಕಾಯಿ ಕೈಯಲ್ಲೇ ಇತ್ತು. ಅವರು ಚೀಲ ಎತ್ತಿಕೊಂಡು ಹೊರಟುಹೋದರು.

ಆ ಲೇಖನ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ನಮ್ಮ ಅವ್ವನನ್ನು ನಮ್ಮ ಅತ್ತಿಗೆ ನೋಡಿಕೊಂಡ ಬಗೆಯನ್ನು ಹೊಗಳಿ ಬರೆದಿದ್ದೆ. ಬಹಳ ಫೋನ್ ಬಂದವು. ಒಬ್ಬರು ಜೆರಾಕ್ಸ್ ಮಾಡಿಸಿ ಪಾರ್ಕಿನಲ್ಲಿ ಹಂಚಿದರು. ಅತ್ತಿಗೆ ಪಟ್ಟ ಕಷ್ಟದ ಬಗ್ಗೆ ಅದರಲ್ಲಿ ಬರೆದದ್ದೆಲ್ಲ ನಿಜ. ಕೆಂಪು ಗೆರೆ ಬಿದ್ದ ಆ ಒಂದು ಸಾಲು ಮಾತ್ರ ಸುಳ್ಳು.

ಅವರು ಬಿಡುವು ಕೇಳಿದ್ದರು. ಪ್ರತಿ ವರ್ಷ ಕೇಳುತ್ತಿದ್ದರು. ಐದು ದಿನ.

ನಾವು ಯಡಿಯೂರಿನವರು. ಯಡಿಯೂರು ಆಗ ಊರೇ. ಕೆರೆ, ಹೊಲ, ನಾಡಹೆಂಚಿನ ಮನೆಗಳು. ಜಯನಗರದ ಬ್ಲಾಕುಗಳು ಆಗಷ್ಟೇ ಏಳುತ್ತಿದ್ದವು. ನಮ್ಮ ಹೊಲದ ಅರ್ಧ ಭಾಗ ಆಗಲೇ ಸೈಟುಗಳಾಗಿತ್ತು. ಉಳಿದರ್ಧದಲ್ಲಿ ಅಣ್ಣ ಸೊಪ್ಪು ಬೆಳೆದು ಮಾರ್ಕೆಟ್ಟಿಗೆ ಹಾಕುತ್ತಿದ್ದ. ನಾನು ಹೈಸ್ಕೂಲು ಮುಗಿಸಿ ಮರದ ಡಿಪೋದಲ್ಲಿ ಗುಮಾಸ್ತನಾಗಿದ್ದೆ. ಅಪ್ಪ ಇರಲಿಲ್ಲ. ಅವ್ವನಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು, ಮಾತೂ ನಿಂತಿತ್ತು. ಆಗ ಅತ್ತಿಗೆಗೆ ಇಪ್ಪತ್ತನಾಲ್ಕು ವರ್ಷ.

ಡಾಕ್ಟರು ಒಂದು ಮಾತು ಹೇಳಿ ಹೋಗಿದ್ದರು: "ಮಗ್ಗುಲು ಬದಲಾಯಿಸ್ತಾ ಇರಿ, ಇಲ್ಲದಿದ್ರೆ ಬೆನ್ನು ಹುಣ್ಣಾಗುತ್ತೆ." ಮನೆಯಲ್ಲಿ ಗಡಿಯಾರ ಇರಲಿಲ್ಲ, ಇದ್ದರೂ ಅತ್ತಿಗೆಗೆ ನೋಡಲು ಬರುತ್ತಿರಲಿಲ್ಲ. ಪಡಸಾಲೆಯ ಸೂರಿನಲ್ಲಿ ಬೆಳಕಿಗೆಂದು ಒಂದು ಗಾಜಿನ ಹೆಂಚಿತ್ತು. ಅದರಿಂದ ಬೀಳುವ ಬಿಸಿಲಿನ ಚೌಕ ನೆಲದ ಮೇಲೆ ಸರಿಯುತ್ತಿತ್ತು. ಅದು ಗೋಡೆಯ ಬುಡದಲ್ಲಿದ್ದರೆ ಅವ್ವ ಎಡಮಗ್ಗುಲು. ಒರಳಿನ ಹತ್ತಿರ ಬಂದರೆ ಅಂಗಾತ. ಹೊಸ್ತಿಲು ಮುಟ್ಟಿದರೆ ಬಲಮಗ್ಗುಲು. ಮೋಡದ ದಿನ ಏನು ಮಾಡುತ್ತಿದ್ದರೋ, ನಾನು ಕೇಳಲಿಲ್ಲ. ಒಂಬತ್ತು ವರ್ಷ ಅವ್ವನ ಬೆನ್ನಿನಲ್ಲಿ ಒಂದು ಹುಣ್ಣು ಏಳಲಿಲ್ಲ.

ಅತ್ತಿಗೆಯ ಬೆನ್ನು? ಅದನ್ನು ನೋಡಿದವರು ಯಾರು?

ಅತ್ತಿಗೆಯ ತವರು ತಲಘಟ್ಟಪುರ. ಕನಕಪುರ ರಸ್ತೆಯಲ್ಲಿ ಆರು ಮೈಲಿ. ತಂದೆತಾಯಿ ತೀರಿಹೋಗಿ ಅಲ್ಲಿ ಉಳಿದವನು ಒಬ್ಬನೇ ತಮ್ಮ, ಕೆಂಪಣ್ಣ. ಗೌರಿ ಹಬ್ಬಕ್ಕೆ ಅವನು ಗಾಡಿ ಕಟ್ಟಿಕೊಂಡು ಬಂದು ಅಕ್ಕನನ್ನು ಕರೆದುಕೊಂಡು ಹೋಗುತ್ತಿದ್ದ. ಐದು ದಿನ ಇಟ್ಟುಕೊಂಡು, ಎಣ್ಣೆ ನೀರು ಹಾಕಿಸಿ, ಬಾಗಿನ ಕೊಟ್ಟು ಕಳಿಸುತ್ತಿದ್ದ. ಆ ಐದು ದಿನ ನಮ್ಮ ಸೋದರತ್ತೆ ಬಂದು ಅವ್ವನನ್ನು ನೋಡಿಕೊಳ್ಳುತ್ತಿದ್ದಳು.

ಈಗ ಯೋಚಿಸಿದರೆ, ಲೀವ್ ಎನ್ನುವ ಪದ ಬಾರದ ಹೆಂಗಸರಿಗೆ ನಮ್ಮ ಹಿರಿಯರು ಮಾಡಿಟ್ಟ ಲೀವ್ ಅದು. ಗೌರಿಯ ಹೆಸರಲ್ಲಿ ಮಾಡಿಟ್ಟರು, ಇಲ್ಲದಿದ್ದರೆ ಗಂಡಸರು ಬಿಡುತ್ತಿರಲಿಲ್ಲ.

ಅವ್ವ ಮಲಗಿದ ನಾಲ್ಕನೆಯ ವರ್ಷ, ಅಂದರೆ ಐವತ್ತೇಳೋ ಐವತ್ತೆಂಟೋ ಇರಬೇಕು, ಸೋದರತ್ತೆಗೆ ಮಂಡಿ ಹಿಡಿದುಕೊಂಡಿತು. ಬರಲಾರೆ ಎಂದು ಹೇಳಿ ಕಳಿಸಿದಳು. ಅಣ್ಣ ನನ್ನ ಮುಖ ನೋಡಿದ. "ಡಿಪೋಗೆ ಹಬ್ಬದ ರಜಾ ಇದೆಯಲ್ಲ, ನೀನೇ ನೋಡ್ಕೊ" ಅಂದ. ಹೂಂ ಅಂದೆ.

ಅಂದಿನಿಂದ ಅತ್ತಿಗೆ ನನ್ನ ಮೇಸ್ಟರಾದರು.

"ನೋಡು ರಾಜ, ಹಿಂಗೆ. ಭುಜದ ಕೆಳಗೆ ಕೈ ಹಾಕು. ಸೊಂಟದಿಂದ ಎತ್ಬೇಡ, ನಿನ್ ಸೊಂಟ ಉಳುಕಿ ನೀನೂ ಪಕ್ಕದಲ್ಲೇ ಮಲೀಕತೀಯ. ಮಂಡಿ ಬಗ್ಸು. ಹಾಂ. ಅಯ್ಯೋ, ಅದು ನಿಮ್ಮವ್ವ ಕಣೋ, ಡಿಪೋದ ದಿಮ್ಮಿ ಅಲ್ಲ!"

ಅವ್ವನ ಎಡ ಕೆನ್ನೆ ಮಾತ್ರ ನಗುತ್ತಿತ್ತು. ಅದನ್ನು ನೋಡಿ ಅತ್ತಿಗೆಯೂ ನಗುತ್ತಿದ್ದರು.

ಒಂದು ವಾರ ಈ ಪಾಠ ನಡೆಯಿತು. ನಾನು ಕಲಿತೆ. ಆದರೆ ಅದೇ ವಾರ ಇನ್ನೊಂದು ಸಂಗತಿಯೂ ಆಯಿತು. ಗಣೇಶನ ಹಬ್ಬಕ್ಕೆಂದು ಜಯನಗರದ ಮೈದಾನದಲ್ಲಿ ಬಾಲ್ ಬ್ಯಾಡ್ಮಿಂಟನ್ ಟೂರ್ನಮೆಂಟು ಗೊತ್ತಾಯಿತು. ಈಗಿನವರಿಗೆ ಆ ಆಟ ಗೊತ್ತಿರಲಿಕ್ಕಿಲ್ಲ. ಉಣ್ಣೆಯ ಹಳದಿ ಚೆಂಡು, ಒಂದು ಕಡೆಗೆ ಐದು ಜನ. ಆಗ ಬೆಂಗಳೂರಿನ ಮೂಲೆಮೂಲೆಯಲ್ಲೂ ಅದರದೇ ಹುಚ್ಚು. ನಮ್ಮ ಐವರಲ್ಲಿ ಮುಂದೆ ನಿಂತು ಹೊಡೆಯುವವನು ನಾನು. ನಾನಿಲ್ಲದಿದ್ದರೆ ಟೀಮೇ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. (ಇಪ್ಪತ್ತರ ವಯಸ್ಸಿನಲ್ಲಿ ನಾವೆಲ್ಲರೂ ಹಾಗೇ ಅಲ್ಲವೇ?)

ಅತ್ತಿಗೆಗೆ ಹೇಳಲಿಲ್ಲ. ಹೇಳಿದ್ದರೆ ಏನೋ ದಾರಿ ಹುಡುಕುತ್ತಿದ್ದರು. ಪಕ್ಕದ ಮನೆಯವರನ್ನು ಒಪ್ಪಿಸುತ್ತಿದ್ದರು, ಅಥವಾ "ಬಾಲಿಗೆ ಬಡಿಯೋ ತೋಳಿಗೆ ಅವ್ವನ ಕಾಲು ಎತ್ತೋಕೆ ಆಗಲ್ವೇನೋ?" ಎಂದು ಛೇಡಿಸಿ ಎರಡು ದಿನದಲ್ಲಿ ವಾಪಸ್ಸು ಬರುತ್ತಿದ್ದರು. ಆ ಎರಡು ದಿನವಾದರೂ ಸಿಗುತ್ತಿತ್ತು.

ಗೌರಿ ಹಬ್ಬದ ಹಿಂದಿನ ದಿನ. ಬೆಳಗ್ಗೆ ಸುಮಾರು ಹತ್ತು ಗಂಟೆ. ಅತ್ತಿಗೆ ಅವ್ವನ ಬಟ್ಟೆಗಳನ್ನು ಒಗೆಯಲು ಕೆರೆಗೆ ಹೋಗಿದ್ದರು. ತಾವು ಉಡುವ ಎರಡು ಸೀರೆ ಆಗಲೇ ಗಂಟು ಕಟ್ಟಿ ಗೂಟಕ್ಕೆ ನೇತುಹಾಕಿದ್ದರು. ಅಣ್ಣ ಮಾರ್ಕೆಟ್ಟಿನಿಂದ ಬಂದಿರಲಿಲ್ಲ. ಜಗುಲಿಯ ಮೇಲೆ ನಾನು, ಒಳಗೆ ಬಾಗಿಲಿಗೆ ಎದುರಾಗಿ ಹಾಸಿಗೆಯಲ್ಲಿ ಅವ್ವ.

ಕೆಂಪಣ್ಣನ ಗಾಡಿ ಬಂತು. ಅವನು ಸಿಟಿ ಮಾರ್ಕೆಟ್ಟಿಗೆ ಹೋಗಿ ಹಬ್ಬದ ಸಾಮಾನು ಕೊಂಡು, ಹಿಂದಿರುಗುವಾಗ ಅಕ್ಕನನ್ನು ಕೂರಿಸಿಕೊಂಡು ಹೋಗಲು ಬಂದಿದ್ದ. ಗಾಡಿಯಲ್ಲಿ ಬಾಳೆಕಂದು, ಮೊರಗಳು, ಹೂವು. ಮಧ್ಯದಲ್ಲಿ ಹುಲ್ಲಿನ ಮೆತ್ತೆಯ ಮೇಲೆ ಬಿಳಿ ಪಂಚೆ ಹೊದಿಸಿದ ಮಣ್ಣಿನ ಗೌರಮ್ಮ.

ನನಗೆ ಆ ಗೌರಮ್ಮ ಕಂಡದ್ದೇ ತಡ, ಉಪಾಯವೂ ಕಂಡಿತು. ಎಷ್ಟು ಸುಲಭವಾಗಿ ಬಂತು ಎಂದು ಈಗಲೂ ಹೆದರಿಕೆಯಾಗುತ್ತದೆ.

ಅವನು ಗಾಡಿಯಿಂದ ಇಳಿಯುವ ಮೊದಲೇ ಎದ್ದು ಕೈ ಅಡ್ಡ ಮಾಡಿದೆ. "ಇಳೀಬೇಡ ಕೆಂಪಣ್ಣ. ನಮ್ಗೆ ಸೂತಕ."

"ಅಯ್ಯೋ ಶಿವನೇ! ಅತ್ತೆಗೆ ಏನಾದ್ರೂ...?"

"ಅವ್ವ ಇದಾಳೆ. ನಮ್ ದಾಯಾದಿ ದೊಡ್ಡಪ್ಪ, ಆನೇಕಲ್ ಕಡೆಯೋರು. ನಿನ್ನೆ ಹೋಗ್ಬಿಟ್ರು."

ಆನೇಕಲ್ ಕಡೆ ನಮಗೆ ದೊಡ್ಡಪ್ಪನೂ ಇರಲಿಲ್ಲ, ಚಿಕ್ಕಪ್ಪನೂ ಇರಲಿಲ್ಲ. ಇಲ್ಲದ ಮನುಷ್ಯನನ್ನು ಹುಟ್ಟಿಸಿದ್ದೂ ನಾನೇ, ಕೊಂದಿದ್ದೂ ನಾನೇ.

ಕೆಂಪಣ್ಣ ಗೌರಮ್ಮನ ಕಡೆ ತಿರುಗಿ ನೋಡಿದ. ಸೂತಕದ ಮನೆಯ ಮುಂದೆ ಹಬ್ಬದ ದೇವರನ್ನು ನಿಲ್ಲಿಸಬಾರದು. ಸೂತಕವಿರುವ ಹೆಂಗಸು ಆ ಗಾಡಿ ಹತ್ತುವಂತಿಲ್ಲ, ಬಾಗಿನ ಹಿಡಿಯುವಂತಿಲ್ಲ. ಅವನಿಗೆ ಅನುಮಾನ ಬರಲಿಲ್ಲ. ಇಂಥದ್ದರಲ್ಲಿ ಸುಳ್ಳು ಹೇಳುವವರು ಇರುತ್ತಾರೆಂದು ಯಾರಾದರೂ ಅಂದುಕೊಳ್ಳುತ್ತಾರೆಯೇ?

"ಅಕ್ಕನ ಮುಖನಾದ್ರೂ ನೋಡ್ಕೊಂಡು..."

"ಕೆರೆಗೆ ಹೋಗಿದಾರೆ. ನೀನು ಹೊರಡು, ಗೌರಮ್ಮನ್ನ ಇಟ್ಕೊಂಡಿದೀಯ."

"ಸರಿ ಬಿಡು. ಅಕ್ಕನಿಗೆ ಹೇಳ್ಬಿಡು, ನಾನು ಬಂದಿದ್ದೆ ಅಂತ. ಹೇಳ್ತೀಯ ತಾನೇ?"

"ಹೇಳ್ತೀನಿ."

ಒಂದು ಲೋಟ ನೀರೂ ಕುಡಿಯದೆ ಗಾಡಿ ತಿರುಗಿಸಿದ. ನಾನು ಒಳಗೆ ಬಂದೆ. ಅವ್ವ ನನ್ನನ್ನೇ ನೋಡುತ್ತಿದ್ದಳು. ಎಲ್ಲ ಕೇಳಿಸಿತ್ತು. ಕಿವಿಗೆ ಲಕ್ವ ಹೊಡೆದಿರಲಿಲ್ಲವಲ್ಲ.

ಅತ್ತಿಗೆ ಕೆರೆಯಿಂದ ಬಂದರು. ನಾನು ಹೇಳಲಿಲ್ಲ.

ಮಧ್ಯಾಹ್ನದವರೆಗೆ ಹತ್ತು ಸಲ ಬಾಗಿಲಿಗೆ ಬಂದು ಹೋದರು. "ಎತ್ತಿಗೆ ಏನಾದ್ರೂ ಆಯ್ತೇನೋ" ಅಂದರು. ಆಮೇಲೆ "ಅವನ ಹೆಂಡ್ತಿಗೆ ಮೈ ಸರಿಯಿಲ್ವೇನೋ" ಅಂದರು. ಸಂಜೆ ಹೊತ್ತಿಗೆ ಗೂಟದಿಂದ ಗಂಟು ಇಳಿಸಿ, ಸೀರೆಗಳನ್ನು ಮತ್ತೆ ಪೆಟ್ಟಿಗೆಗೆ ಹಾಕಿದರು. ಅಣ್ಣ "ಬರಲಿಲ್ವಲ್ಲ, ಬಿಡು, ಮುಂದಿನ ವರ್ಷ" ಅಂದ. ಅವನ ದನಿಯಲ್ಲಿ ನಿರಾಳ ಇತ್ತು. ಮನೆಯ ಕೆಲಸ ಕೆಡಲಿಲ್ಲವಲ್ಲ!

ನಾನು ಅವ್ವನಿಗೆ ಗಂಜಿ ಕುಡಿಸಲು ಹೋದೆ. ಅವ್ವ ಬಾಯಿ ಬಿಡಲಿಲ್ಲ. "ಅತ್ತೆಗೆ ಯಾಕೋ ನಿನ್ ಮೇಲೆ ಕೋಪ ಕಣೋ" ಎಂದು ಅತ್ತಿಗೆ ಲೋಟ ಈಸಿಕೊಂಡರು. ಸಾಯುವವರೆಗೂ ಅವ್ವ ನನ್ನ ಕೈಯಿಂದ ಒಂದು ತುತ್ತು ತಿನ್ನಲಿಲ್ಲ. ಹಾಗಾಗಿ ಉಣ್ಣಿಸುವ ಕೆಲಸವೂ ಪೂರ್ತಿಯಾಗಿ ಅತ್ತಿಗೆಯ ತಲೆಗೇ ಬಂತು. ನನ್ನ ಪಾಪದ ಭಾರವನ್ನೂ ಅವರೇ ಎತ್ತಿದರು, ಏನೆಂದು ಗೊತ್ತಿಲ್ಲದೆ.

ಟೂರ್ನಮೆಂಟು? ಮೊದಲ ರೌಂಡಿನಲ್ಲೇ ಸೋತೆವು.

ಇಷ್ಟೇ ಆಗಿದ್ದರೆ ಒಂದು ವರ್ಷದ ತಪ್ಪು ಎಂದುಕೊಳ್ಳಬಹುದಿತ್ತು. ಒಂದು ತಿಂಗಳ ಮೇಲೆ ನಮ್ಮೂರಿನವರೊಬ್ಬರು ದಾರಿಯಲ್ಲಿ ನನ್ನನ್ನು ನಿಲ್ಲಿಸಿದರು. "ಬನಶಂಕರಿ ಗುಡಿ ಹತ್ರ ನಿಮ್ಮ ಅತ್ತಿಗೆ ತಮ್ಮ ಸಿಕ್ಕಿದ್ದ ಕಣಯ್ಯ. ನಿಮ್ಮನೆ ಸೂತಕ ಕಳೀತಾ ಅಂತ ಕೇಳ್ದ. ಯಾವ ಸೂತಕ, ಹಬ್ಬಕ್ಕೆ ಹೋಳಿಗೆ ಮಾಡಿ ನಮ್ಗೂ ಕೊಟ್ರಲ್ಲ ಅಂದೆ. ಮುಖ ಕಪ್ಪಿಟ್ಟು ಹೋದ. ಏನ್ ವಿಷ್ಯ?"

"ಏನಿಲ್ಲ, ಅವನಿಗೆ ಯಾರೋ ತಪ್ಪು ಹೇಳಿರಬೇಕು" ಅಂದೆ.

ಕೆಂಪಣ್ಣ ಏನು ತಿಳಿದುಕೊಂಡನೆಂದು ನನಗೆ ಆಗಲೇ ಗೊತ್ತಾಯಿತು. ಬರಲು ಇಷ್ಟವಿಲ್ಲದೆ ಅಕ್ಕನೇ ಮೈದುನನ ಬಾಯಲ್ಲಿ ಸೂತಕ ಅನ್ನಿಸಿದಳು ಎಂದುಕೊಂಡ. ಹಬ್ಬದ ಮುನ್ನಾದಿನ ಅಂಥ ಅಪಶಕುನದ ಮಾತು! ಮರುವರ್ಷ ಗಾಡಿ ಬರಲಿಲ್ಲ. ಅದರ ಮರುವರ್ಷವೂ ಬರಲಿಲ್ಲ.

ಅತ್ತಿಗೆಯಾದರೂ ಹೋಗಬಹುದಿತ್ತಲ್ಲ, ಆರೇ ಮೈಲಿ, ಅನ್ನುತ್ತೀರಿ. ಪಕ್ಕದ ಮನೆಯವರೂ ಹಾಗೇ ಅಂದರು. ಅತ್ತಿಗೆ ಕೊಟ್ಟ ಉತ್ತರ ಇದು: "ಕರೀದೆ ಹೋದ್ರೆ ಅದು ತವರಲ್ಲ ಕಣಕ್ಕ, ನೆಂಟರ ಮನೆ."

ಆಮೇಲೆ ಅವರು ಬಿಡುವು ಕೇಳಲಿಲ್ಲ. ಹೌದು, ಆಮೇಲೆ ಕೇಳಲಿಲ್ಲ. ಯಾರನ್ನು ಕೇಳುವುದು? ಎಲ್ಲಿಗೆ ಹೋಗುವುದು? ಬಟ್ಟೆ ಒಗೆದು ಬಂದು, ಎರಡೂ ಕೈ ಸೊಂಟಕ್ಕೆ ಒತ್ತಿಕೊಂಡು ಹಿತ್ತಲಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಬಿಸಿಲಿನ ಚೌಕ ಒರಳಿಗೆ ಬಂದಾಗ ಒಳಗೆ ಹೋಗುತ್ತಿದ್ದರು. ವಿಶ್ರಾಂತಿ ಅಂದರೆ ಅಷ್ಟೇ. ನಗುವುದೂ ಕಡಿಮೆಯಾಯಿತು. ನನ್ನನ್ನು ಛೇಡಿಸುವುದು ನಿಂತಿತು. ನಾನು ಅದನ್ನು 'ಗಂಭೀರ ಸ್ವಭಾವ' ಎಂದು ಆ ಲೇಖನದಲ್ಲಿ ಬರೆದಿದ್ದೆ. ನೀವು ಮೆಚ್ಚಿಕೊಂಡಿರಿ.

ಅರವತ್ತರ ದಶಕದ ಮೊದಲಲ್ಲಿ ಅವ್ವ ತೀರಿಕೊಂಡಳು. ಹನ್ನೊಂದನೆಯ ದಿನ ಬೀಗರು ಬರಲೇಬೇಕು, ಅದು ಪದ್ಧತಿ. ಕೆಂಪಣ್ಣ ಬಂದ. ಅಂಗಳದಲ್ಲಿ ಚಪ್ಪರದ ಕಂಬ ಹಿಡಿದು ನಿಂತ. ಆರೇಳು ವರ್ಷದ ಮೇಲೆ ತಮ್ಮನ ಮುಖ ನೋಡಿದ ಅತ್ತಿಗೆ, ತಲೆ ಮೇಲಿನ ಸೆರಗು ಜಾರಿದ್ದೂ ಗೊತ್ತಾಗದೆ ಅವನ ಹತ್ತಿರ ಹೋದರು. ನಾನು ಎರಡು ಮಾರು ದೂರದಲ್ಲಿ ಎಲೆ ಒರೆಸುತ್ತಿದ್ದೆ.

ಕೆಂಪಣ್ಣ ಅಂದ: "ಈ ಸಲವಾದ್ರೂ ನಿಜವಾದ ಸೂತಕ ತಾನೇ ಅಕ್ಕ?"

ಅತ್ತಿಗೆ ಅಲ್ಲೇ ನಿಂತುಬಿಟ್ಟರು. ಅವರಿಗೆ ಅರ್ಥವಾಗಲಿಲ್ಲ. ಹೇಗೆ ಅರ್ಥವಾಗಬೇಕು? ಒಂಬತ್ತು ವರ್ಷ ತೊಳೆದು ಉಣ್ಣಿಸಿದ ಅತ್ತೆಯ ಸಾವನ್ನು ತಮ್ಮ ಗೇಲಿ ಮಾಡಿದ ಎಂದಷ್ಟೇ ಕೇಳಿಸಿತು.

"ಏನಂದೆ ನೀನು? ಸತ್ತೋರ ಮನೇಲಿ ನಿಂತ್ಕೊಂಡು ಏನ್ ಮಾತು ಆಡ್ತಿದೀಯ?"

"ನಾನ್ಯಾಕೆ ಹೇಳ್ಲಿ? ನಿಂಗೇ ಗೊತ್ತು."

"ಹೋಗು. ನೀನು ನನ್ ತಮ್ಮ ಅಲ್ಲ, ಹೋಗು."

ಅವನು ಊಟದ ಎಲೆಗೆ ಕೂರದೆ ಹೊರಟ.

ನನ್ನ ಬಾಯಲ್ಲಿ ಒಂದು ವಾಕ್ಯವಿತ್ತು. ಅವತ್ತು ಸುಳ್ಳು ಹೇಳಿದವನು ನಾನು. ಅಷ್ಟು ಹೇಳಿದ್ದರೆ ಸಾಕಿತ್ತು. ಅಣ್ಣ ನಾಲ್ಕು ಬಿಗಿಯುತ್ತಿದ್ದ, ನೆಂಟರು ಉಗಿಯುತ್ತಿದ್ದರು, ಸಂಜೆಯ ಹೊತ್ತಿಗೆ ಅಕ್ಕತಮ್ಮ ಒಂದಾಗುತ್ತಿದ್ದರು. ಗಾಡಿ ಇನ್ನೂ ಬೀದಿಯ ತುದಿ ದಾಟಿರಲಿಲ್ಲ. ಅತ್ತಿಗೆ ನನ್ನ ಕಡೆಗೇ ತಿರುಗಿ ಕೇಳಿದರು.

"ಅವನು ಯಾಕೆ ಹಂಗಂದ ರಾಜ? ನಿಂಗೇನಾದ್ರೂ ಗೊತ್ತಾ?"

"ಕುಡಿದಿದಾನೆ ಅನ್ಸುತ್ತೆ, ಬಿಡಿ ಅತ್ತಿಗೆ" ಅಂದೆ.

ಕೆಂಪಣ್ಣ ಹೆಂಡ ಮುಟ್ಟುವವನಲ್ಲ. ಅದು ಅವರಿಗೂ ಗೊತ್ತಿತ್ತು. ಆದರೂ ನಂಬಿದರು, ತಮ್ಮ ಬೇಕೆಂದೇ ಹಾಗಂದ ಎನ್ನುವುದಕ್ಕಿಂತ ಅದು ಮೇಲು.

ಮೊದಲ ಸುಳ್ಳಿಗೆ ವಯಸ್ಸಿನ ಕಾರಣ ಕೊಡಬಹುದು. ಎರಡನೆಯದಕ್ಕೆ? ಆಗ ನನಗೆ ಮೀಸೆ ಬಂದಿತ್ತು, ಮದುವೆ ಗೊತ್ತಾಗಿತ್ತು, ಬುದ್ಧಿಯೂ ಇತ್ತು.

ಮದುವೆಯಾಗಿ ತಿಲಕ್ ನಗರದಲ್ಲಿ ಮನೆ ಮಾಡಿದೆ. ಹಬ್ಬಕ್ಕೆ ಯಡಿಯೂರಿಗೆ ಹೋಗುತ್ತಿದ್ದೆ, ಅತ್ತಿಗೆ ಬಡಿಸುತ್ತಿದ್ದರು, ಉಂಡು ಬರುತ್ತಿದ್ದೆ. ಇವತ್ತು ಹೇಳೋಣ ಎಂದುಕೊಂಡೇ ಪ್ರತಿ ಸಲ ಹೋಗುತ್ತಿದ್ದೆ. ಗೌರಿ ಹಬ್ಬದ ದಿನ ನನ್ನ ಹೆಂಡತಿಯ ಅಣ್ಣ ಬಾಗಿನ ತರುವುದನ್ನು ಅತ್ತಿಗೆ ಪಕ್ಕದಲ್ಲಿ ನಿಂತು ನೋಡಿದ್ದಾರೆ. "ಚೆನ್ನಾಗಿದೆ ಕಣಮ್ಮ ಬಳೆ" ಅಂದಿದ್ದಾರೆ. ಆಗಲೂ ನಾನು ಹೇಳಲಿಲ್ಲ.

ಐವತ್ತು ದಾಟುವ ಮೊದಲೇ ಅವರ ಬೆನ್ನು ಬಾಗಿತ್ತು. ಅವರು ಹಾಸಿಗೆ ಹಿಡಿದದ್ದು ಕೆಲವೇ ವಾರ. ಮುತ್ತೈದೆ ಸತ್ತರೆ ತವರಿನ ಸೀರೆ ಹೊದಿಸಬೇಕು. ತಲಘಟ್ಟಪುರದಿಂದ ಸೀರೆ ಬಂತು, ಬೇರೆಯವರ ಕೈಯಲ್ಲಿ. ಕೆಂಪಣ್ಣ ಬರಲಿಲ್ಲ. ಮುಂದೆ ಅವನೂ ಹೋದ. ಈಗ ಆ ಸುಳ್ಳು ಗೊತ್ತಿರುವವನು ನಾನೊಬ್ಬನೇ.

ಹೀಗಿರುವಾಗ ಎಂಬತ್ತು ದಾಟಿದ ಮೇಲೆ ಕೂತು ಅವರನ್ನು ಹೊಗಳಿ ಬರೆದೆ. ಕ್ಷಮೆ ಕೇಳಲು ಆಗದವನು ಹೊಗಳುತ್ತಾನೆ. ಹೊಗಳಿಕೆಗೆ ಧೈರ್ಯ ಬೇಕಾಗಿಲ್ಲ. ಇನ್ನೊಂದು ಮಾತು. ಮನೆಯಲ್ಲಿ ಮುದುಕರನ್ನು ನೋಡಿಕೊಳ್ಳುವ ಹೆಂಗಸನ್ನು ನಾವು 'ದೇವತೆ' ಅನ್ನುವುದು ಯಾವಾಗ, ಗಮನಿಸಿದ್ದೀರಾ? ಅವಳು "ಸುಸ್ತಾಗಿದೆ" ಎಂದು ಬಾಯಿ ತೆಗೆಯುವ ಹೊತ್ತಿಗೆ. ದೇವತೆಗೆ ಸೊಂಟ ನೋಯುವುದಿಲ್ಲವಲ್ಲ! ಅವಳಿಗೆ ನಿದ್ದೆ ಬೇಡ, ಅಕ್ಕನ ಮನೆ ಬೇಡ.

ಇದನ್ನು ಓದುತ್ತಿರುವ ಗಂಡಸರಲ್ಲಿ ಒಂದು ಕೇಳಿಕೆ. ಭುಜದ ಕೆಳಗೆ ಕೈ ಹಾಕಿ, ಮಂಡಿ ಬಗ್ಗಿಸಿ ಎತ್ತಬೇಕು. ಕಲಿಯಲು ಒಂದು ವಾರ ಸಾಕು. ನಾನು ಕಲಿತಿದ್ದೆ. ಬರುತ್ತಿತ್ತು. ಮಾಡಲಿಲ್ಲ, ಅಷ್ಟೇ. ತರಕಾರಿ ಅಂಗಡಿಯಲ್ಲಿ ಸಿಕ್ಕ ತಾಯಿ, ನಿಮ್ಮ ಹೆಸರೂ ಕೇಳಲಿಲ್ಲ ನಾನು. ಫ್ರಿಜ್ಜಿನ ಮೇಲಿನದನ್ನು ಹರಿದು ಹಾಕಿ. ಬರೆದವನೇ ಹೇಳಿದ ಎಂದು ಹೇಳಿ. ನಾಲ್ಕು ದಿನ ಸಾಲದು, ಐದು ದಿನ ಹೋಗಿ ಮಲಗಿ ಬನ್ನಿ.

ಆ ಹಳೆಯ ಲೇಖನವನ್ನು ನಿನ್ನೆ ಹುಡುಕಿ ತೆಗೆದು ಓದಿದೆ. ಅರ್ಧ ಪುಟ ತುಂಬ 'ನಮ್ಮ ಅತ್ತಿಗೆ', 'ನಮ್ಮ ಅತ್ತಿಗೆ' ಎಂದು ಬರೆದಿದ್ದೇನೆ. ಅವರು ನಮ್ಮವರಾಗುವ ಮೊದಲು ಯಾರ ಮನೆಯವರಾಗಿದ್ದರು, ಏನೆಂದು ಕರೆಸಿಕೊಳ್ಳುತ್ತಿದ್ದರು, ಒಂದು ಕಡೆಯೂ ಇಲ್ಲ.

ಅವರು ಮುನಿತಾಯಮ್ಮ, ತಲಘಟ್ಟಪುರದ ಕೆಂಪಣ್ಣನ ಅಕ್ಕ.